ಮಾರಿಸ್ ಸ್ಟೋಕ್ಸ್

ಬಾಸ್ಕೆಟ್‌ಬಾಲ್ ಆಟದ ಹುಟ್ಟೂರು ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರ. ಹೊರಗೆ ಮೈ ಕೊರೆಯುವ ಚಳಿ ಇರುವಾಗ ವಿದ್ಯಾರ್ಥಿಗಳು ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದು ಬೇಕೆಂದು ಯೋಚಿಸಿ, 1891ರ ಡಿಸೆಂಬರ್ ತಿಂಗಳಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಆರಂಭಿಸಿದ. ಅದೇ ನಗರದಲ್ಲಿ ಈಗ ಅವನ ಹೆಸರಿನ ಕೀರ್ತಿಮಂದಿರವೊಂದಿದೆ. ಆಟವನ್ನು ಬೆಳೆಸಿದ ಮಹನೀಯರ ಹೆಸರುಗಳನ್ನು ಅಲ್ಲಿ ಗೌರವದಿಂದ ಕಾಪಾಡಿಕೊಂಡು ಬರಲಾಗಿದೆ. ಅಲ್ಲಿ ಸ್ಥಾನ ಪಡೆದವರಲ್ಲಿ ಬಹುಮಂದಿ ಹತ್ತು ಹದಿನೈದು ವರ್ಷಗಳ ಕಾಲ ಅಂಗಳದಲ್ಲಿ ಮೆರೆದವರು. ಆದರೆ 2004ರಲ್ಲಿ ಆ ಮಂದಿರವನ್ನು ಸೇರಿದ ಒಂದು ಹೆಸರು ಇವುಗಳಿಗಿಂತ ಭಿನ್ನವಾದುದು. ಆ ಹೆಸರಿನ ಆಟಗಾರ ವೃತ್ತಿರಂಗದಲ್ಲಿ ಆಡಿದ್ದು ಮೂರೇ ವರ್ಷ. ಅನಂತರ ಹಾಸಿಗೆಯಲ್ಲಿ ಕಳೆದದ್ದು ಹನ್ನೆರಡು ವರ್ಷ. ಆತನೇ ಮಾರಿಸ್ ಸ್ಟೋಕ್ಸ್.

ಮಾರಿಸ್ ಸ್ಟೋಕ್ಸ್ 1933ರ ಜೂನ್ 17ರಂದು ಪೆನ್ಸಿಲ್ವೇನಿಯ ರಾಜ್ಯದ ರ‍್ಯಾಂಕಿನ್ ಎಂಬ ಊರಿನಲ್ಲಿ ಜನಿಸಿದ. ಇದು ಪಿಟ್ಸ್‌ಬರ್ಗ್ ಮಹಾನಗರದ ಮಗ್ಗುಲಲ್ಲಿರುವ ಪುಟ್ಟ ಊರು. ಆ ಕಾಲದಲ್ಲಿ ಪಿಟ್ಸ್‌ಬರ್ಗಿನ ಸುತ್ತಲಿನ ನದೀತೀರವೆಲ್ಲ ಉಕ್ಕಿನ ಕಾರ್ಖಾನೆಗಳಿಂದ ತುಂಬಿತ್ತು. ಹಗಲಿರುಳೆನ್ನದೆ ಕುಲುಮೆಗಳು ಉರಿಯುತ್ತಿದ್ದವು. ಹೊಗೆ ಆಕಾಶವನ್ನು ಮುಸುಕುತ್ತಿತ್ತು. ಮಾರಿಸನ ತಂದೆ ಅಂತಹ ಒಂದು ಕಾರ್ಖಾನೆಯಲ್ಲಿ ಕೂಲಿಗಾರ. ತಾಯಿ ಅನ್ಯರ ಮನೆಗಳಲ್ಲಿ ಕೆಲಸ ಮಾಡಿ ಸಂಸಾರಕ್ಕೆ ನೆರವಾಗುತ್ತಿದ್ದಳು. ಮಾರಿಸನಿಗೆ ಇಬ್ಬರು ಸಹೋದರರೂ ಅವನೊಡನೆಯೇ ಹುಟ್ಟಿದ ಒಬ್ಬಳು ಅವಳಿ ಸಹೋದರಿಯೂ ಇದ್ದರು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಿಂದ ಕಂಗೆಟ್ಟಿದ್ದ ದಿನಗಳವು. ಕಪ್ಪು ಜನಾಂಗದ ಬಡ ಕುಟುಂಬಗಳ ಪಾಡಂತೂ ಹೇಳತೀರದು. ಕೊರತೆಗಳ ನಡುವೆಯೇ ಆ ಮನೆಯ ಮಕ್ಕಳು ಬೆಳೆದರು.

ಮಾರಿಸನಿಗೆ ಎಂಟು ವರ್ಷವಾಗಿದ್ದಾಗ ಕುಟುಂಬ ಪಿಟ್ಸ್‌ಬರ್ಗ್ ನಗರದ ಹೋಮ್‌ವುಡ್ ಬಡಾವಣೆಗೆ ಬಂದು ನೆಲೆಸಿತು. ಮುಂದೆ ಅವನು ಅಲ್ಲಿನ ವೆಸ್ಟಿಂಗ್‌ಹೌಸ್ ಪ್ರೌಢಶಾಲೆಯನ್ನು ಸೇರಿದ. ಅವನ ಪ್ರತಿಭೆ ಒಮ್ಮೆಲೇ ಪ್ರಕಾಶಕ್ಕೆ ಬಂತೆಂದು ಭಾವಿಸಬಾರದು. ಶಾಲೆಯ ತಂಡದಲ್ಲಿ ಮೊದಲ ಎರಡು ವರ್ಷ ಅವನಿಗೆ ಪಂದ್ಯದ ಆರಂಭದಲ್ಲಿ ಅಂಗಳಕ್ಕೆ ಇಳಿಯುವ ಐವರಲ್ಲಿ ಸ್ಥಾನವೇ ಸಿಗಲಿಲ್ಲ. ತನ್ನ ಸರದಿಗಾಗಿ ಕಾಯುವುದು ಬಾಲಕರಿಗೆ ಸುಲಭವಾದ ಮಾತಲ್ಲ. ಮಾರಿಸ್ ಕಾದ, ಕಾಯುತ್ತಲೇ ಕಲಿತ. ಅವಕಾಶ ದೊರೆತಾಗ ಅದನ್ನು ಎರಡೂ ಕೈಗಳಿಂದ ಬಾಚಿಕೊಂಡ. 1950 ಮತ್ತು 1951ರಲ್ಲಿ ಅವನ ಶಾಲೆ ಸತತವಾಗಿ ಎರಡು ಬಾರಿ ನಗರದ ಶಾಲಾ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಅದೇ ಪ್ರದೇಶದ ಅಲೆಗೇನಿ ಬೆಟ್ಟಸಾಲಿನ ನಡುವೆ ಲೊರೆಟೊ ಎಂಬ ಸಣ್ಣ ಊರಿದೆ. ಅಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು 1847ರಲ್ಲಿ ಸ್ಥಾಪಿಸಿದ ಸೇಂಟ್ ಫ್ರಾನ್ಸಿಸ್ ಕಾಲೇಜು ಇದೆ. 1951ರಲ್ಲಿ ಮಾರಿಸ್ ಉನ್ನತ ವ್ಯಾಸಂಗಕ್ಕಾಗಿ ಆ ಕಾಲೇಜನ್ನು ಸೇರಿದ. ಅದು ದೊಡ್ಡ ವಿಶ್ವವಿದ್ಯಾಲಯಗಳ ಸಾಲಿಗೆ ಸೇರಿದುದಲ್ಲ. ವಿದ್ಯಾರ್ಥಿಗಳ ಸಂಖ್ಯೆಯೂ ಕಡಿಮೆ, ಹೆಸರೂ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಅಂತಹ ಕಾಲೇಜಿನ ಹೆಸರನ್ನು ದೇಶದ ಪತ್ರಿಕೆಗಳು ಮುದ್ರಿಸುವಂತೆ ಮಾಡಿದವನು ಈ ಉಕ್ಕಿನ ಕಾರ್ಮಿಕನ ಮಗ. ನಾಲ್ಕು ವರ್ಷಗಳ ಅವಧಿಯಲ್ಲಿ ಅವನು ತನ್ನ ಕಾಲೇಜಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಅಂಕಗಳನ್ನು ಗಳಿಸಿದ.

ಆಗ ಸ್ಟೋಕ್ಸ್ 6 ಅಡಿ 7 ಅಂಗುಲ ಎತ್ತರದ ಯುವಕ. ತೂಕ ನೂರು ಕಿಲೋಗ್ರಾಂಗಳನ್ನು ಮೀರಿತ್ತು. ಅಂತಹ ಭಾರಿ ದೇಹದವರು ಬುಟ್ಟಿಯ ಬಳಿ ಗೋಡೆಯಂತೆ ನಿಂತು ಆಡುವುದು ಅಂದಿನ ವಾಡಿಕೆ. ಅಂಗಳದ ಉದ್ದಗಲಕ್ಕೂ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡುವುದೂ ಜೊತೆಗಾರರಿಗೆ ಚೆಂಡನ್ನು ಹಂಚುವುದೂ ಕುಳ್ಳಗಿನ ಚುರುಕು ಆಟಗಾರರ ಕೆಲಸವಾಗಿತ್ತು. ಸ್ಟೋಕ್ಸ್ ಈ ಎರಡು ಬಗೆಯ ಆಟವನ್ನೂ ಒಬ್ಬನೇ ಆಡಿ ತೋರಿಸಿದ. ಎದುರಾಳಿಯ ಗುರಿ ತಪ್ಪಿ ಬುಟ್ಟಿಯ ಬಳೆಯಿಂದ ಪುಟಿದು ಬಂದ ಚೆಂಡನ್ನು ಎಲ್ಲರಿಗಿಂತ ಎತ್ತರಕ್ಕೆ ಹಾರಿ ಹಿಡಿಯುತ್ತಿದ್ದ. ಮರುಕ್ಷಣವೇ ತಾನೇ ಅದನ್ನು ಮುಂದಕ್ಕೆ ಒಯ್ಯುತ್ತಿದ್ದ. ತನಗಿಂತ ಅನುಕೂಲವಾದ ಸ್ಥಳದಲ್ಲಿ ಜೊತೆಗಾರನಿದ್ದರೆ ಅವನ ಕೈಗೆ ಚೆಂಡನ್ನು ನೀಡುತ್ತಿದ್ದ. ಗಳಿಸುವುದು ಎಷ್ಟು ಮುಖ್ಯವೋ ನೀಡುವುದೂ ಅಷ್ಟೇ ಮುಖ್ಯವೆಂಬುದು ಅವನ ಆಟದಿಂದಲೇ ತಿಳಿಯುತ್ತಿತ್ತು.

1955ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಕಾಲೇಜುಗಳ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿ ನಡೆಯಿತು. ಲೊರೆಟೊವಿನ ಸಣ್ಣ ಕಾಲೇಜೂ ಅದರಲ್ಲಿ ಭಾಗವಹಿಸಿತು. ಡೇಟನ್ ವಿಶ್ವವಿದ್ಯಾಲಯದ ವಿರುದ್ಧ ನಡೆದ ಉಪಾಂತ್ಯ ಪಂದ್ಯ ಸಮಸಮನಾಗಿ ಸಾಗಿ ಹೆಚ್ಚುವರಿ ಅವಧಿಯವರೆಗೂ ಮುಂದುವರಿಯಿತು. ಸ್ಟೋಕ್ಸ್ ಒಬ್ಬನೇ 43 ಅಂಕಗಳನ್ನು ಗಳಿಸಿದರೂ ಅವನ ತಂಡ ಸೋಲಬೇಕಾಯಿತು. ಕೊನೆಗೆ ಸೇಂಟ್ ಫ್ರಾನ್ಸಿಸ್ ತಂಡಕ್ಕೆ ದೊರೆತದ್ದು ನಾಲ್ಕನೆಯ ಸ್ಥಾನ. ಆದರೂ ಪಂದ್ಯಾವಳಿಯ ಅತ್ಯಂತ ಮೌಲ್ಯಯುತ ಆಟಗಾರನೆಂಬ ಪ್ರಶಸ್ತಿ ಗೆದ್ದ ತಂಡದವರಿಗೆ ಹೋಗದೆ ನಾಲ್ಕನೆಯ ಸ್ಥಾನದ ತಂಡದ ಈ ಯುವಕನಿಗೆ ಸಂದಿತು. ಸೋಲಿನ ನಡುವೆಯೂ ಹಿರಿಮೆ ಕಾಣಿಸಿಕೊಳ್ಳಬಲ್ಲದೆಂಬುದಕ್ಕೆ ಅದೊಂದು ನಿದರ್ಶನವಾಯಿತು.

ಅದೇ ವರ್ಷ ರಾಷ್ಟ್ರೀಯ ವೃತ್ತಿಪರ ಸಂಘಕ್ಕೆ ಸೇರಿದ ರೋಚೆಸ್ಟರ್ ರಾಯಲ್ಸ್ ತಂಡ ಸ್ಟೋಕ್ಸನನ್ನು ಆರಿಸಿಕೊಂಡಿತು. ಆಗ ಸಂಘದಲ್ಲಿದ್ದ ತಂಡಗಳು ಎಂಟೇ. ಕಪ್ಪು ಜನಾಂಗದ ಆಟಗಾರರಿಗೆ ಅದರ ಬಾಗಿಲು ತೆರೆದದ್ದು 1950ರಲ್ಲಿ. ಅಂದರೆ ಕೇವಲ ಐದು ವರ್ಷಗಳ ಹಿಂದೆ. ದೇಶದ ದಕ್ಷಿಣ ರಾಜ್ಯಗಳಲ್ಲಿ ಬಸ್ಸುಗಳಲ್ಲಿಯೂ ಹೋಟೆಲುಗಳಲ್ಲಿಯೂ ಶಾಲೆಗಳಲ್ಲಿಯೂ ವರ್ಣಭೇದ ಇನ್ನೂ ತಾಂಡವವಾಡುತ್ತಿತ್ತು. ಸ್ಟೋಕ್ಸ್ ವೃತ್ತಿರಂಗಕ್ಕೆ ಕಾಲಿಟ್ಟ 1955ರ ಡಿಸೆಂಬರಿನಲ್ಲಿಯೇ ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದ ಕಪ್ಪು ಜನರು ಬಸ್ಸುಗಳಲ್ಲಿನ ಭೇದಭಾವವನ್ನು ಪ್ರತಿಭಟಿಸಿ ಬಹಿಷ್ಕಾರ ಚಳವಳಿಯನ್ನು ಹೂಡಿದ್ದರು. ಕಾಲ ಬದಲಾಗುತ್ತಿತ್ತು, ಆದರೆ ನಿಧಾನವಾಗಿ.

ತನ್ನ ಮೊದಲ ವೃತ್ತಿಪರ ಪಂದ್ಯದಲ್ಲಿಯೇ ಸ್ಟೋಕ್ಸ್ ನ್ಯೂಯಾರ್ಕ್ ತಂಡದ ವಿರುದ್ಧ 32 ಅಂಕಗಳನ್ನು ಗಳಿಸಿ, ಪುಟಿದ ಚೆಂಡನ್ನು 20 ಬಾರಿ ಹಿಡಿದು, ಜೊತೆಗಾರರ ಎಂಟು ಯಶಸ್ವೀ ಎಸೆತಗಳಿಗೆ ಚೆಂಡನ್ನು ಒದಗಿಸಿದ. ಆ ಋತುವಿನ ಶ್ರೇಷ್ಠ ಹೊಸ ಆಟಗಾರನೆಂಬ ಗೌರವ ಅವನದಾಯಿತು. ಎರಡನೆಯ ಋತುವಿನಲ್ಲಿ ಪುಟಿದ ಚೆಂಡನ್ನು 1,256 ಬಾರಿ ಹಿಡಿದು ಸಂಘದಲ್ಲಿಯೇ ಹೊಸ ದಾಖಲೆಯನ್ನು ಸ್ಥಾಪಿಸಿದ. 1957ರಲ್ಲಿ ರಾಯಲ್ಸ್ ತಂಡ ರೋಚೆಸ್ಟರಿನಿಂದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಸ್ಥಳಾಂತರಗೊಂಡಿತು. ಸ್ಟೋಕ್ಸನೂ ಅಲ್ಲಿಗೆ ಹೋದ. ಆಡಿದ ಮೂರು ಋತುಗಳಲ್ಲಿಯೂ ಅವನು ದೇಶದ ಆಯ್ದ ತಾರೆಗಳ ಪಂದ್ಯಕ್ಕೆ ಆಯ್ಕೆಯಾದ. ಆ ಮೂರು ವರ್ಷಗಳಲ್ಲಿ ಪುಟಿದ ಚೆಂಡನ್ನು ಅವನಷ್ಟು ಬಾರಿ ಹಿಡಿದವರು ಮತ್ತೊಬ್ಬರಿರಲಿಲ್ಲ. ಜೊತೆಗಾರರಿಗೆ ಚೆಂಡು ಒದಗಿಸುವುದರಲ್ಲಿ ಅವನನ್ನು ಮೀರಿಸಿದವನು ಬಾಸ್ಟನ್ ತಂಡದ ಬಾಬ್ ಕೂಸಿ ಒಬ್ಬನೇ. ಇಪ್ಪತ್ತನಾಲ್ಕು ವರ್ಷದ ಸ್ಟೋಕ್ಸನ ಮುಂದೆ ಉಜ್ಜ್ವಲ ಭವಿಷ್ಯ ತೆರೆದಿತ್ತು.

ಆದರೆ ವಿಧಿ ಬೇರೆಯೇ ಬಗೆದಿತ್ತು. 1958ರ ಮಾರ್ಚ್ 12ರಂದು ಮಿನಿಯಾಪೊಲಿಸ್ ನಗರದಲ್ಲಿ ಋತುವಿನ ಕೊನೆಯ ಪಂದ್ಯ ನಡೆಯುತ್ತಿತ್ತು. ಚೆಂಡಿನೊಡನೆ ಬುಟ್ಟಿಯತ್ತ ನುಗ್ಗಿದ ಸ್ಟೋಕ್ಸ್ ಆಯತಪ್ಪಿ ಕೆಳಗೆ ಬಿದ್ದ. ಅವನ ತಲೆ ನೆಲಕ್ಕೆ ಬಲವಾಗಿ ಬಡಿಯಿತು. ಪ್ರಜ್ಞೆ ತಪ್ಪಿ ಬಿದ್ದವನಿಗೆ ಕಟುವಾಸನೆಯ ಲವಣವನ್ನು ಮೂಸಿಸಿ ಎಚ್ಚರಗೊಳಿಸಿದರು. ಅವನು ಎದ್ದು ಕುಳಿತ. ಸ್ವಲ್ಪ ಹೊತ್ತಿನ ನಂತರ ಮತ್ತೆ ಆಟಕ್ಕೆ ಇಳಿದ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವನನ್ನು ಆ ದಿನ ಮತ್ತೆ ಆಡಿಸಲೇಬಾರದು, ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೂ ವಿಶ್ರಾಂತಿ ನೀಡಬೇಕು ಎಂಬ ಅರಿವು ಇಂದು ಎಲ್ಲ ಕ್ರೀಡೆಗಳಲ್ಲಿಯೂ ಇದೆ. ಅಂದು ಅಂತಹ ನಿಯಮವಿರಲಿಲ್ಲ. ಬಿದ್ದವನು ಎದ್ದು ನಿಂತರೆ ಗುಣವಾಯಿತೆಂದೇ ಎಲ್ಲರ ಭಾವನೆಯಾಗಿತ್ತು.

ಮೂರು ದಿನಗಳ ನಂತರ, ಮಾರ್ಚ್ 15ರಂದು, ರಾಯಲ್ಸ್ ತಂಡ ಡೆಟ್ರಾಯಿಟ್ ನಗರದಲ್ಲಿ ಮುಂದಿನ ಸುತ್ತಿನ ಪಂದ್ಯವನ್ನು ಆಡಬೇಕಿತ್ತು. ಸ್ಟೋಕ್ಸ್ ಅದರಲ್ಲಿಯೂ ಭಾಗವಹಿಸಿ 12 ಅಂಕಗಳನ್ನು ಗಳಿಸಿದ. ಪುಟಿದ ಚೆಂಡನ್ನು 15 ಬಾರಿ ಹಿಡಿದ. ಅದೇ ಅವನ ಕೊನೆಯ ಪಂದ್ಯವಾಯಿತು. ಅಂದಿನ ರಾತ್ರಿ ತಂಡ ವಿಮಾನದಲ್ಲಿ ಸಿನ್ಸಿನಾಟಿಗೆ ಹಿಂದಿರುಗುತ್ತಿದ್ದಾಗ ಅವನ ದೇಹಸ್ಥಿತಿ ಇದ್ದಕ್ಕಿದ್ದಂತೆ ಕೆಟ್ಟಿತು. ಮೈ ಸೆಟೆದು ಸೆಳೆತ ಬಂತು, ಪ್ರಜ್ಞೆ ಹಾರಿಹೋಯಿತು. ವಿಮಾನ ಇಳಿದೊಡನೆ ಅವನನ್ನು ನದಿಯ ಈಚೆಗಿನ ಕೆಂಟಕಿ ರಾಜ್ಯದ ಕವಿಂಗ್ಟನ್ ಊರಿನ ಆಸ್ಪತ್ರೆಗೆ ಸಾಗಿಸಿದರು. ವಾರಗಳು ಕಳೆದರೂ ಅವನು ಎಚ್ಚರಗೊಳ್ಳಲಿಲ್ಲ.

ಕೊನೆಗೆ ಎಚ್ಚರವೇನೋ ಬಂತು. ಆದರೆ ದೇಹ ಎಚ್ಚರಗೊಳ್ಳಲಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿನಲ್ಲಿ ಅಂಗಾಂಗಗಳ ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ಹಾನಿಯಾಗಿತ್ತು. ಕೈಯೆತ್ತಲಾರ, ಕಾಲಾಡಿಸಲಾರ, ಬಾಯಿಬಿಟ್ಟು ಒಂದು ಮಾತನ್ನಾಡಲಾರ. ಆದರೆ ಬುದ್ಧಿ ಮೊದಲಿನಂತೆಯೇ ತೀಕ್ಷ್ಣವಾಗಿತ್ತು, ನೆನಪು ಮಾಸಿರಲಿಲ್ಲ, ಸುತ್ತಲಿನವರ ಮಾತುಗಳೆಲ್ಲ ಅವನಿಗೆ ಅರ್ಥವಾಗುತ್ತಿದ್ದವು. ಕೆಲವೇ ದಿನಗಳ ಹಿಂದೆ ಸಾವಿರಾರು ಜನರೆದುರು ಗಗನಕ್ಕೆ ಹಾರುತ್ತಿದ್ದ ಮನುಷ್ಯ ಈಗ ತನ್ನ ದೇಹವೆಂಬ ಸೆರೆಮನೆಯಲ್ಲಿ ತಾನೇ ಬಂದಿಯಾಗಿದ್ದ. ಇದಕ್ಕಿಂತ ಘೋರವಾದ ಶಿಕ್ಷೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಈ ಸಂಕಟದ ಜೊತೆಗೆ ಮತ್ತೊಂದು ಸಂಕಟವೂ ಎದುರಾಯಿತು. ಆಸ್ಪತ್ರೆಯ ವೆಚ್ಚ ಅಪಾರ. ಅಂದಿನ ವೃತ್ತಿಪರ ಆಟಗಾರರಿಗೆ ಇಂತಹ ಆಪತ್ತಿನಲ್ಲಿ ನೆರವಾಗುವ ವೈದ್ಯಕೀಯ ಯೋಜನೆಯಾಗಲಿ ನಿವೃತ್ತಿವೇತನವಾಗಲಿ ಇರಲಿಲ್ಲ. ಸ್ಟೋಕ್ಸ್ ದುಡಿದು ಕೂಡಿಟ್ಟ ಅಲ್ಪಸ್ವಲ್ಪ ಹಣ ಬ್ಯಾಂಕಿನಲ್ಲಿತ್ತು. ಆದರೆ ಸಹಿ ಮಾಡಲಾರದವನ ಹಣವನ್ನು ಅವನ ಸಲುವಾಗಿಯಾದರೂ ತೆಗೆಯಲು ಕಾನೂನು ಒಪ್ಪುತ್ತಿರಲಿಲ್ಲ. ತಂದೆತಾಯಿಗಳು ದೂರದ ಪಿಟ್ಸ್‌ಬರ್ಗಿನಲ್ಲಿದ್ದರು. ಮಗನ ಬಳಿಯೇ ಬಂದು ನಿಂತು ಈ ವ್ಯವಹಾರಗಳನ್ನೆಲ್ಲ ನಿರ್ವಹಿಸುವ ಅನುಕೂಲ ಅವರಿಗಿರಲಿಲ್ಲ. ಋತು ಮುಗಿದಿತ್ತು, ಆಟಗಾರರು ತಮ್ಮ ತಮ್ಮ ಊರುಗಳಿಗೆ ಚದುರಿಹೋಗಿದ್ದರು. ಈ ಯುವಕನ ಹೊಣೆಯನ್ನು ಹೊರುವವರಾರು ಎಂಬ ಪ್ರಶ್ನೆ ಉತ್ತರವಿಲ್ಲದೆ ನಿಂತಿತ್ತು.

ಆಗ ಮುಂದೆ ಬಂದವನು ಜ್ಯಾಕ್ ಟ್ವೈಮನ್. ಅವನೂ ಪಿಟ್ಸ್‌ಬರ್ಗ್ ನಗರದವನೇ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಓದಿ ಆ ನಗರದಲ್ಲಿಯೇ ಮನೆ ಮಾಡಿಕೊಂಡಿದ್ದ. 1955ರಲ್ಲಿ, ಸ್ಟೋಕ್ಸ್ ಬಂದ ವರ್ಷವೇ, ಅವನೂ ರಾಯಲ್ಸ್ ತಂಡವನ್ನು ಸೇರಿದ್ದ. ಅವನ ವಯಸ್ಸು ಇನ್ನೂ ಇಪ್ಪತ್ತಮೂರು. ಹೊಸದಾಗಿ ಹೂಡಿದ ಸಂಸಾರದ ಭಾರ ಹೆಗಲ ಮೇಲಿತ್ತು. ಟ್ವೈಮನ್ ಬಿಳಿಯ, ಸ್ಟೋಕ್ಸ್ ಕಪ್ಪು ಜನಾಂಗದವನು. ಇಬ್ಬರ ನಡುವೆ ರಕ್ತಸಂಬಂಧವಿರಲಿಲ್ಲ. ಇದ್ದದ್ದು ಒಂದೇ ತಂಡದಲ್ಲಿ ಮೂರು ವರ್ಷ ಕೂಡಿ ಆಡಿದ ಸಂಬಂಧ ಮಾತ್ರ. ಅಷ್ಟೇ ಸಂಬಂಧವನ್ನು ಸಾಕೆಂದು ಬಗೆದು ಟ್ವೈಮನ್ ನ್ಯಾಯಾಲಯಕ್ಕೆ ಹೋಗಿ ಸ್ಟೋಕ್ಸನ ಕಾನೂನುಬದ್ಧ ಪಾಲಕನಾಗಲು ಒಪ್ಪಿಕೊಂಡ. ಬಿಳಿಯರೂ ಕಪ್ಪು ಜನರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುವುದೇ ಹಲವು ಊರುಗಳಲ್ಲಿ ಅಪರಾಧವೆನಿಸಿದ್ದ ಕಾಲದಲ್ಲಿ ಈ ಕಾರ್ಯ ನಡೆಯಿತೆಂಬುದನ್ನು ನೆನೆದರೆ ಅದರ ಮಹತ್ತ್ವ ತಿಳಿದೀತು.

ಪಾಲಕನಾಗುವುದೆಂದರೆ ಕಾಗದದ ಮೇಲೆ ಸಹಿ ಹಾಕಿ ಸುಮ್ಮನಿರುವುದಲ್ಲ. ಟ್ವೈಮನ್ ಮೊದಲು ಕಾನೂನಿನ ಹಾದಿಯನ್ನು ಹುಡುಕಿದ. ಕಾರ್ಖಾನೆಯಲ್ಲಿ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ನೀಡುವ ವ್ಯವಸ್ಥೆ ಓಹಾಯೋ ರಾಜ್ಯದಲ್ಲಿತ್ತು. ಆಟಗಾರನೂ ತನ್ನ ಉದ್ಯೋಗದ ಸ್ಥಳದಲ್ಲಿಯೇ ಗಾಯಗೊಂಡ ನೌಕರನಲ್ಲವೇ ಎಂಬುದು ಅವನ ವಾದ. ಆ ವಾದಕ್ಕೆ ಮನ್ನಣೆ ದೊರೆತು ಸ್ಟೋಕ್ಸನ ಚಿಕಿತ್ಸೆಗೆ ಪರಿಹಾರಧನ ಬರುವಂತಾಯಿತು. ಉಕ್ಕಿನ ಕಾರ್ಮಿಕನ ಮಗನಾಗಿ ಹುಟ್ಟಿದವನಿಗೆ ಕಾರ್ಮಿಕರಿಗಾಗಿ ಮಾಡಿದ ಕಾನೂನೇ ಆಸರೆಯಾದುದು ಗಮನಿಸತಕ್ಕ ಸಂಗತಿ.

ಅದೂ ಸಾಲದಾದಾಗ ಟ್ವೈಮನ್ ನಿಧಿಸಂಗ್ರಹಕ್ಕೆ ತೊಡಗಿದ. ನ್ಯೂಯಾರ್ಕ್ ರಾಜ್ಯದ ಮಾಂಟಿಸೆಲೊ ಎಂಬ ಗಿರಿಧಾಮದ ಊರಿನಲ್ಲಿ ಮಿಲ್ಟನ್ ಕಚರ್ ಎಂಬಾತ ಒಂದು ವಿಹಾರಗೃಹವನ್ನು ನಡೆಸುತ್ತಿದ್ದ. 1958ರ ಬೇಸಿಗೆಯಲ್ಲಿ ಅಲ್ಲಿ ಸ್ಟೋಕ್ಸನ ಸಹಾಯಾರ್ಥ ಬಾಸ್ಕೆಟ್‌ಬಾಲ್ ಪಂದ್ಯವೊಂದನ್ನು ಏರ್ಪಡಿಸಲಾಯಿತು. ಅಂದಿನಿಂದ ಅದು ವರ್ಷಂಪ್ರತಿ ನಡೆಯುವ ಸಂಪ್ರದಾಯವಾಯಿತು. ಋತುವಿನಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೆಣಗುತ್ತಿದ್ದ ಬೇರೆ ಬೇರೆ ತಂಡಗಳ ಆಟಗಾರರು ಬೇಸಿಗೆಯ ಒಂದು ದಿನ ಅಲ್ಲಿಗೆ ಬಂದು, ಸಂಭಾವನೆಯ ಆಸೆಯಿಲ್ಲದೆ ಆಡಿ, ತಮ್ಮೊಳಗೊಬ್ಬನ ಕಷ್ಟಕ್ಕೆ ಒದಗುತ್ತಿದ್ದರು. ಆ ಕಾಲದ ಮಹಾನ್ ಆಟಗಾರನಾದ ವಿಲ್ಟ್ ಚೇಂಬರ್‌ಲಿನ್‌ನೂ ಆ ಪಂದ್ಯಗಳಿಗೆ ಬರುತ್ತಿದ್ದವರಲ್ಲಿ ಒಬ್ಬ.

ಹಣದ ತೊಡಕು ಒಂದು ಬಗೆಯದಾದರೆ ಮಾತಿನ ತೊಡಕು ಇನ್ನೊಂದು ಬಗೆಯದು. ಬಾಯಿಲ್ಲದ ಗೆಳೆಯನ ಮನಸ್ಸನ್ನು ಅರಿಯುವುದು ಹೇಗೆ? ಇಬ್ಬರೂ ಸೇರಿ ಅದಕ್ಕೊಂದು ಉಪಾಯವನ್ನು ಕಂಡುಕೊಂಡರು. ಟ್ವೈಮನ್ ಹಾಸಿಗೆಯ ಬಳಿ ಕುಳಿತು ವರ್ಣಮಾಲೆಯ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಿದ್ದ. ಬೇಕಾದ ಅಕ್ಷರ ಬಂದೊಡನೆ ಸ್ಟೋಕ್ಸ್ ಕಣ್ಣು ಮಿಟುಕಿಸುತ್ತಿದ್ದ. ಹೀಗೆ ಅಕ್ಷರಕ್ಕೆ ಅಕ್ಷರ ಸೇರಿ ಪದವಾಗಬೇಕು. ಪದಕ್ಕೆ ಪದ ಸೇರಿ ವಾಕ್ಯವಾಗಬೇಕು. ಒಂದು ಸಣ್ಣ ಮಾತು ಮುಗಿಯಬೇಕಾದರೆ ಬಹಳ ಹೊತ್ತು ಹಿಡಿಯುತ್ತಿತ್ತು. ಹೇಳುವವನಿಗೂ ಕೇಳುವವನಿಗೂ ಅಪಾರ ತಾಳ್ಮೆ ಬೇಕಾಗಿತ್ತು. ಆ ತಾಳ್ಮೆ ಇಬ್ಬರಲ್ಲಿಯೂ ಇತ್ತು.

ಟ್ವೈಮನ್ ತನ್ನ ಆಟವನ್ನು ಬಿಟ್ಟು ಈ ಸೇವೆಯನ್ನು ಮಾಡಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1959–60ರ ಋತುವಿನಲ್ಲಿ ಅವನು ಪಂದ್ಯವೊಂದಕ್ಕೆ ಸರಾಸರಿ 31.2 ಅಂಕಗಳನ್ನು ಗಳಿಸಿದ. ಸಂಘದ ಇತಿಹಾಸದಲ್ಲಿ ಋತುವೊಂದರ ಸರಾಸರಿ ಮೂವತ್ತನ್ನು ದಾಟಿದ್ದು ಅದೇ ಮೊದಲು. ಅದೇ ಋತುವಿನಲ್ಲಿ ಚೇಂಬರ್‌ಲಿನ್ ಕೂಡ ಆ ಗಡಿಯನ್ನು ದಾಟಿದ. ದೇಶದ ಮುಂಚೂಣಿಯ ಆಟಗಾರರಲ್ಲಿ ಒಬ್ಬನೆನಿಸಿದ ಟ್ವೈಮನ್ ಸಿನ್ಸಿನಾಟಿಗೆ ಬಂದಾಗಲೆಲ್ಲ ಆಸ್ಪತ್ರೆಯ ಹಾದಿಯನ್ನು ಹಿಡಿಯುತ್ತಿದ್ದ. 1966ರಲ್ಲಿ ಅವನು ಆಟದಿಂದ ನಿವೃತ್ತನಾದ. ಪಾಲಕನ ಹೊಣೆಯಿಂದ ನಿವೃತ್ತನಾಗಲಿಲ್ಲ.

ಇತ್ತ ಸ್ಟೋಕ್ಸ್ ಕೈಕಟ್ಟಿ ಮಲಗಿರಲಿಲ್ಲ. ಅವನ ಬಾಳಿನ ನಿಜವಾದ ಪಂದ್ಯ ಆರಂಭವಾದದ್ದು ಆಸ್ಪತ್ರೆಯಲ್ಲಿಯೇ ಎನ್ನಬೇಕು. ವೈದ್ಯರೂ ದಾದಿಯರೂ ಅಂಗಸಾಧನೆಯ ತಜ್ಞರೂ ದಿನವೂ ಅವನ ನಿಶ್ಚಲವಾದ ಅವಯವಗಳಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಹಿಂದೆ ಒಂದೇ ನೆಗೆತಕ್ಕೆ ಹತ್ತು ಅಡಿ ಎತ್ತರದ ಬಳೆಯನ್ನು ಮುಟ್ಟುತ್ತಿದ್ದವನಿಗೆ ಈಗ ಒಂದು ಬೆರಳನ್ನು ಮಡಿಸುವುದೇ ಮಹಾಸಾಹಸ. ತಿಂಗಳುಗಟ್ಟಲೆ ದುಡಿದು ಗಳಿಸಿದ ಪ್ರಗತಿ ಕೂದಲೆಳೆಯಷ್ಟು ಮಾತ್ರ. ಅಂಗಳದಲ್ಲಿ ಅವನು ಪಟ್ಟ ಶ್ರಮಕ್ಕೆ ಪ್ರೇಕ್ಷಕರ ಚಪ್ಪಾಳೆಯಿತ್ತು. ಇಲ್ಲಿ ಅದೂ ಇಲ್ಲ. ಆದರೂ ಅವನು ಸೋಲನ್ನೊಪ್ಪಲಿಲ್ಲ. ನೋವಿನ ನಡುವೆಯೂ ಅವನ ಮುಖದ ಮೇಲೆ ನಗೆ ಮೂಡುತ್ತಿತ್ತು. ಅವನನ್ನು ಸಂತೈಸಲೆಂದು ಬಂದವರು ತಾವೇ ಧೈರ್ಯ ಪಡೆದು ಹಿಂದಿರುಗುತ್ತಿದ್ದರು.

ವರ್ಷಗಳು ಉರುಳಿದಂತೆ ಆ ಛಲಕ್ಕೆ ಫಲ ದೊರೆಯಿತು. ಬೆರಳುಗಳಿಗೆ ಅಲ್ಪಸ್ವಲ್ಪ ಚಲನೆ ಮರಳಿತು. ಬೆರಳಚ್ಚು ಯಂತ್ರದ ಕೀಲಿಗಳನ್ನು ಒತ್ತುವಷ್ಟು ಶಕ್ತಿ ಬಂತು. ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಅವನು ಮೊತ್ತಮೊದಲು ಮೂಡಿಸಿದ ಸಂದೇಶ ಟ್ವೈಮನ್ನನಿಗೆ ಸಲ್ಲಿಸಿದ ಕೃತಜ್ಞತೆ. ಮುಂದೆ ಅವನು ಮಣ್ಣಿನ ಕಲಾಕೃತಿಗಳನ್ನು ರೂಪಿಸುವುದನ್ನೂ ಚಿತ್ರ ಬಿಡಿಸುವುದನ್ನೂ ಕಲಿತ. ಚೆಂಡನ್ನು ಆಳಿದ ಆ ದೊಡ್ಡ ಕೈಗಳು ಮತ್ತೆ ಏನನ್ನಾದರೂ ಸೃಷ್ಟಿಸಬಲ್ಲವೆಂಬುದು ಹೀಗೆ ಸಿದ್ಧವಾಯಿತು. ಪಡೆಯುವುದಷ್ಟೇ ತನ್ನ ಪಾಲಿಗೆ ಉಳಿದಿದೆಯೆಂದು ತೋರುವ ಸ್ಥಿತಿಯಲ್ಲಿಯೂ ನೀಡುವ ದಾರಿಯನ್ನು ಅವನು ಕಂಡುಕೊಂಡಿದ್ದ.

ಹನ್ನೆರಡು ವರ್ಷಗಳ ಈ ಹೋರಾಟ 1970ರ ಏಪ್ರಿಲ್ 6ರಂದು ಕೊನೆಗೊಂಡಿತು. ಹೃದಯಾಘಾತಕ್ಕೀಡಾಗಿ ಮಾರಿಸ್ ಸ್ಟೋಕ್ಸ್ ಸಿನ್ಸಿನಾಟಿಯ ಗುಡ್ ಸಮಾರಿಟನ್ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ಅವನಿಗೆ ವಯಸ್ಸು ಕೇವಲ ಮೂವತ್ತಾರು. ತನ್ನನ್ನು ಎಲ್ಲಿ ಸಮಾಧಿ ಮಾಡಬೇಕೆಂಬುದನ್ನು ಅವನು ಮೊದಲೇ ತಿಳಿಸಿದ್ದ. ಸಾವಿರಾರು ಪ್ರೇಕ್ಷಕರು ಅವನನ್ನು ಕೊಂಡಾಡಿದ ಮಹಾನಗರಗಳಲ್ಲೊಂದು ಅವನ ಆಯ್ಕೆಯಾಗಿರಲಿಲ್ಲ. ತನ್ನನ್ನು ಓದಿಸಿ ಬೆಳೆಸಿದ ಲೊರೆಟೊವಿನ ಆ ಸಣ್ಣ ಕಾಲೇಜು ಅವನ ಆಯ್ಕೆಯಾಗಿತ್ತು. ಅವನ ಇಚ್ಛೆಯಂತೆ ಕಾಲೇಜಿನ ಆವರಣದಲ್ಲಿರುವ ಫ್ರಾನ್ಸಿಸ್ಕನ್ ಸನ್ಯಾಸಿಗಳ ರುದ್ರಭೂಮಿಯಲ್ಲಿ ಅವನಿಗೆ ಅಂತಿಮ ವಿಶ್ರಾಂತಿ ದೊರೆಯಿತು. ಆ ವಿದ್ಯಾಸಂಸ್ಥೆಯ ಕ್ರೀಡಾಭವನಕ್ಕೆ ಅವನ ಹೆಸರನ್ನಿಡಲಾಯಿತು. 1973ರಲ್ಲಿ ಈ ಇಬ್ಬರು ಗೆಳೆಯರ ಕಥೆಯನ್ನು ಆಧರಿಸಿದ ಚಲನಚಿತ್ರವೊಂದೂ ತೆರೆಗೆ ಬಂತು.

ಸ್ಟೋಕ್ಸ್ ತೀರಿಕೊಂಡ ಮೇಲೂ ಮಾಂಟಿಸೆಲೊವಿನ ಸಹಾಯಾರ್ಥ ಪಂದ್ಯ ನಿಲ್ಲಲಿಲ್ಲ. ವೃದ್ಧಾಪ್ಯದಲ್ಲಿಯೋ ಕಾಯಿಲೆಯಲ್ಲಿಯೋ ಕಷ್ಟಕ್ಕೀಡಾದ ಹಳೆಯ ಆಟಗಾರರಿಗೆ ನೆರವಾಗುವ ಉದ್ದೇಶದಿಂದ ಅದು ದಶಕಗಳ ಕಾಲ ಅವನ ಹೆಸರಿನಲ್ಲಿಯೇ ಮುಂದುವರಿಯಿತು. ಒಬ್ಬನ ದುರಂತದಿಂದ ಹುಟ್ಟಿದ ನೆರವಿನ ಹೊನಲು ಹಲವರ ಬಾಳಿಗೆ ಹರಿಯಿತು. ತಂಡಗಳಿಗೆ ಸ್ಟೋಕ್ಸ್ ಚೆಂಡನ್ನು ಒದಗಿಸಿದ್ದು ಮೂರು ವರ್ಷ. ಅವನ ಹೆಸರು ಜೊತೆಗಾರರಿಗೆ ಒದಗಿದ್ದು ಅದಕ್ಕಿಂತ ಬಹಳ ದೀರ್ಘಕಾಲ.

ಸ್ಪ್ರಿಂಗ್‌ಫೀಲ್ಡಿನ ಕೀರ್ತಿಮಂದಿರ 1983ರಲ್ಲಿ ಜ್ಯಾಕ್ ಟ್ವೈಮನ್ನನನ್ನು ಗೌರವಿಸಿತು. ಆದರೆ ಸ್ಟೋಕ್ಸನ ಹೆಸರು ಅಲ್ಲಿ ಇನ್ನೂ ಸೇರಿರಲಿಲ್ಲ. ಮೂರೇ ವರ್ಷ ಆಡಿದವನಿಗೆ ಆ ಸ್ಥಾನ ಸುಲಭವಾಗಿ ದೊರೆಯುವುದಲ್ಲ. ಕೊನೆಗೆ, ಅವನು ಮರಣಹೊಂದಿ ಮೂವತ್ತನಾಲ್ಕು ವರ್ಷಗಳು ಕಳೆದ ಮೇಲೆ, 2004ರಲ್ಲಿ ಕೀರ್ತಿಮಂದಿರದ ಬಾಗಿಲು ಅವನಿಗಾಗಿ ತೆರೆಯಿತು. ಆ ಸಮಾರಂಭದಲ್ಲಿ ಸ್ಟೋಕ್ಸನ ಪರವಾಗಿ ಗೌರವವನ್ನು ಸ್ವೀಕರಿಸಲು ವೇದಿಕೆಯನ್ನೇರಿದವನು ಎಪ್ಪತ್ತು ವರ್ಷದ ಮುದುಕನಾಗಿದ್ದ ಟ್ವೈಮನ್. ಇಪ್ಪತ್ತಮೂರರ ಹರೆಯದಲ್ಲಿ ಹೊತ್ತ ಹೊಣೆಯನ್ನು ಅವನು ಗೆಳೆಯನ ಮರಣದೊಡನೆ ಕೆಳಗಿಳಿಸಿರಲಿಲ್ಲ.

2012ರ ಮೇ 30ರಂದು ಟ್ವೈಮನ್ನನೂ ಕಾಲವಶನಾದ. ಮರುವರ್ಷ, 2013ರಲ್ಲಿ, ವೃತ್ತಿಪರ ಸಂಘವು ಇವರಿಬ್ಬರ ಹೆಸರನ್ನು ಜೋಡಿಸಿ ಒಂದು ವಾರ್ಷಿಕ ಪ್ರಶಸ್ತಿಯನ್ನು ನೀಡಲು ಆರಂಭಿಸಿತು. ಅತಿ ಹೆಚ್ಚು ಅಂಕ ಗಳಿಸಿದವನಿಗೆ ಕೊಡುವ ಪ್ರಶಸ್ತಿ ಅದಲ್ಲ. ತನ್ನ ತಂಡದವರಿಗೆ ನಿಜವಾದ ಜೊತೆಗಾರನಾಗಿ ನಡೆದುಕೊಂಡ ಆಟಗಾರನಿಗೆ ಸಲ್ಲುವಂಥದು. ಸ್ಟೋಕ್ಸ್ ಅಂಗಳದಲ್ಲಿ ಆಡುವುದನ್ನು ಕಂಡವರು ಈಗ ವಿರಳ. ಅವನ ದಾಖಲೆಗಳನ್ನು ಅನಂತರ ಬಂದವರು ಮೀರಿಸಿದ್ದಾರೆ. ಆದರೆ ಪ್ರತಿ ವರ್ಷವೂ ಯಾವನೋ ಒಬ್ಬ ಆಟಗಾರ ಆ ಪ್ರಶಸ್ತಿಯನ್ನು ಕೈಯಲ್ಲಿ ಹಿಡಿದಾಗ, ಮಾತಿಲ್ಲದೆ ಕಣ್ಣೆವೆಗಳಿಂದ ಮಾತನಾಡಿದ ಒಬ್ಬನ ಹೆಸರೂ ಅಕ್ಷರ ಅಕ್ಷರವಾಗಿ ಅದನ್ನು ಆಲಿಸಿದ ಇನ್ನೊಬ್ಬನ ಹೆಸರೂ ಒಟ್ಟಿಗೆ ಕೇಳಿಬರುತ್ತವೆ.